ಕೊಳವೆಯೊಳಗಿನ ಬಾಕಿ

ಹಾಸನದ ಆ ಮನೆಯಲ್ಲಿ ಸೋಸದ ನೀರನ್ನು ಯಾರೂ ಬಳಸುವುದಿಲ್ಲ. ಸೂರ್ಯಾಸ್ತದ ಬಳಿಕ ಒಲೆ ಉರಿಯುವುದಿಲ್ಲ. ಸೋಸಿದ ಬಟ್ಟೆಯನ್ನು ಎಲ್ಲಿ ಜಾಲಿಸಬೇಕು, ಆ ನೀರನ್ನು ಎಲ್ಲಿಗೆ ಮರಳಿಸಬೇಕು ಎಂಬುದನ್ನು ಅತ್ತೆ ಸೊಸೆಗೆ ಕಲಿಸಿದ್ದಾರೆ. ಅಂಥ ಮನೆಯಲ್ಲಿ ಒಂದು ಡಿಸೆಂಬರಿನಲ್ಲಿ, ಆರಾಧನೆಗೆ ಬಂದ ನಲವತ್ತು ಜನರ ಊಟವಾದ ಸಂಜೆ, ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು.

ಜವಳಿ ವ್ಯಾಪಾರಿಯಾದ ಯಜಮಾನರು ಅಂಗಡಿಯಿಂದ ಕಾಸ್ಟಿಕ್ ಪುಡಿ ತರಿಸಿ ಸುರಿದರು. ನೀರು ಇಳಿಯಲಿಲ್ಲ. ಬೆಳಗ್ಗೆ ಮತ್ತೊಂದು ಪೊಟ್ಟಣ ಸುರಿದು, ಪ್ಲಂಬರನಿಗೆ ಹೇಳಿಕಳುಹಿಸಿ ತಮ್ಮ ಅಂಗಡಿಗೆ ಹೋದರು. ಬಂದವನು ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಗುಕೊಳವೆಯ ನಟ್ಟು ಸಡಿಲಿಸಿದ. ಒಳಗೆ ನಿಂತಿದ್ದ ಕ್ಷಾರದ ನೀರು ಅವನ ಮುಂಗೈ ಮೇಲೆ ಹರಿಯಿತು. ಒಳಗೆ ಏನಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸೊಸೆ ನಿಂಬೆಹಣ್ಣು ತರಲು ಓಡಿದಳು. ಅತ್ತೆ ತಡೆದು, ಅವನನ್ನು ಬಚ್ಚಲಿನ ನಲ್ಲಿಯ ಕೆಳಗೆ ಕೂರಿಸಿದರು. ಕ್ಷಾರ ತಗುಲಿದ ಚರ್ಮಕ್ಕೆ ಹುಳಿ ಹಿಂಡುವುದು ಮತ್ತೊಂದು ಸುಟ್ಟಗಾಯಕ್ಕೆ ದಾರಿ. ಇಪ್ಪತ್ತು ನಿಮಿಷ ಹರಿಯುವ ನೀರೇ ಮೊದಲ ಚಿಕಿತ್ಸೆ. ಆದರೂ ಚರ್ಮ ಸುಲಿಯಿತು. ಮೂರು ವಾರ ಅವನು ಕೆಲಸಕ್ಕೆ ಹೋಗಲಿಲ್ಲ. ಯಜಮಾನರು ವೈದ್ಯರ ಖರ್ಚನ್ನೂ ಆ ದಿನಗಳ ಕೂಲಿಯನ್ನೂ ಕೊಟ್ಟು, ಮನೆಯ ಲೆಕ್ಕದ ಪುಸ್ತಕದಲ್ಲಿ 'ನಲ್ಲಿ ರಿಪೇರಿ' ಎಂದು ಬರೆದರು. ಪತ್ನಿ ಆ ಸಾಲನ್ನು ನೋಡಿ, "ಇದು ಆ ಖಾತೆಗೆ ಸೇರುತ್ತದೆಯೇ?" ಎಂದು ಕೇಳಿದರಂತೆ.

ಬಾಗಿನಿಂದ ಹೊರಬಂದದ್ದು ಮುಷ್ಟಿಗಾತ್ರದ ಬಿಳಿಯ ಉಂಡೆ: ಹೆಪ್ಪುಗಟ್ಟಿದ ತುಪ್ಪ, ಕೊಬ್ಬರಿ ಎಣ್ಣೆ, ಅನ್ನದ ಗಂಜಿ, ಕಾಫಿಯ ಚರಟ. ಬಿಸಿನೀರಿನೊಡನೆ ಕರಗಿ ಇಳಿಯುವ ಜಿಡ್ಡು ಕೊಳವೆಯ ತಣ್ಣನೆಯ ಗೋಡೆಗೆ ತಾಗಿ ಮತ್ತೆ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವಂಥದು. ಹಾಸನದ ಚಳಿಗೆ ಹೆಚ್ಚು ಹೊತ್ತು ಬೇಕಿಲ್ಲ. ಗಂಜಿ ಅದಕ್ಕೆ ಅಂಟು, ಚರಟ ಅದಕ್ಕೆ ಮರಳು. ಚರಂಡಿಯ ದುರ್ಗಂಧ ಮನೆಯೊಳಗೆ ಬಾರದಂತೆ ಆ ಬಾಗು ಸದಾ ನೀರನ್ನು ಹಿಡಿದಿಟ್ಟುಕೊಂಡಿರಬೇಕು. ಕಸ ಮೊದಲು ತಂಗುವುದೂ ಅಲ್ಲೇ, ಸುರಿದ ಕ್ಷಾರ ಕಾದು ಕೂರುವುದೂ ಅಲ್ಲೇ. ನೀರು ಸಾಲದಿದ್ದರೆ ಕಾಸ್ಟಿಕ್ ತಾನೇ ಕಲ್ಲಾಗಿ ಕೂರುವುದುಂಟು. ಅದರ ಮೇಲೆ ಆಸಿಡ್ ಸುರಿದರೆ ಕೊತಕೊತನೆ ಕುದಿದು ಮುಖಕ್ಕೇ ಚಿಮ್ಮೀತು.

ಹಿಂದಿನ ಮನೆಗಳಲ್ಲಿ ಈ ತೊಂದರೆ ಕಡಿಮೆಯಿತ್ತು. ಹಿರಿಯರು ಹೆಚ್ಚು ಜಾಣರಾಗಿದ್ದರೆಂದಲ್ಲ, ಕೊಟ್ಟಿಗೆಯಿತ್ತು. ಅಕ್ಕಿ ತೊಳೆದ ನೀರು, ಉಳಿದ ಗಂಜಿ ಎಲ್ಲ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಪಾತ್ರೆಯ ಜಿಡ್ಡನ್ನು ಬೂದಿ ಹೀರಿಕೊಂಡು ಬಾಳೆಯ ಬುಡ ಸೇರುತ್ತಿತ್ತು. ಈಗ ಎಲ್ಲಕ್ಕೂ ಸಿಂಕೊಂದೇ ಬಾಯಿ. ಕುದಿನೀರು ಸುರಿದರೆ ಸರಿಹೋದೀತೆಂದು ಹಲವರು ನಂಬುತ್ತಾರೆ. ಬಿಸಿನೀರನ್ನು ತಣಿಸದೆ ಮೋರಿಗೆ ಚೆಲ್ಲಬಾರದೆಂದು ಅಜ್ಜಿಯರು ಹೇಳುತ್ತಿದ್ದುದು ಅಲ್ಲಿನ ಹುಳುಹುಪ್ಪಟೆಗಳಿಗಾಗಿ. ಕೊಳವೆಯ ದೃಷ್ಟಿಯಿಂದಲೂ ಅದು ವ್ಯರ್ಥವೇ: ಕೈಗೆ ಎಟುಕುವ ಬಾಗಿನಲ್ಲಿದ್ದ ಜಿಡ್ಡು ಕರಗಿ, ಕೈಗೆಟುಕದ ನೆಲದಡಿಯಲ್ಲಿ ಮತ್ತೆ ಗಟ್ಟಿಯಾಗುತ್ತದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಅದರಲ್ಲಿ ಸೇರುತ್ತವೆ. ಯಜಮಾನರು ಆ ಗ್ರಂಥವನ್ನು ಓದದವರಲ್ಲ. ಗಿಡವನ್ನೂ ನೀರನ್ನೂ ನೆನೆದ ಮನಸ್ಸು ನಟ್ಟು ಬಿಚ್ಚುವ ಕೈಯನ್ನು ನೆನೆಯದೆ ಹೋದದ್ದೇ ಅವರನ್ನು ಬಹುಕಾಲ ಕಾಡಿತು.

ಈಗ ಆ ಮನೆಯಲ್ಲಿ ಜಿಡ್ಡಿನ ಪಾತ್ರೆಯನ್ನು ಮೊದಲು ಬಾಳೆಲೆಯ ಚೂರಿನಿಂದಲೋ ಹಳೆಯ ಕಾಗದದಿಂದಲೋ ಒರೆಸುತ್ತಾರೆ. ಚರಟ ಗಿಡಕ್ಕೆ ಹೋಗುತ್ತದೆ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿಯಿದೆ. ಕಟ್ಟಿಕೊಳ್ಳುವ ಸೂಚನೆ ಕಂಡರೆ ರಬ್ಬರ್ ಬಟ್ಟಲಿನ ಪ್ಲಂಜರ್ ಹಿಡಿದು, ಸಿಂಕಿನ ಮೇಲಂಚಿನ ರಂಧ್ರವನ್ನು ಒದ್ದೆಬಟ್ಟೆಯಿಂದ ಮುಚ್ಚಿ, ಒತ್ತಿ ಎಳೆಯುತ್ತಾರೆ. ತಿಂಗಳಿಗೊಮ್ಮೆ ಮಗನೇ ಬಕೆಟ್ ಇಟ್ಟು ಬಾಗನ್ನು ಬಿಚ್ಚಿ ತೊಳೆಯುತ್ತಾನೆ. ಕಾಸ್ಟಿಕ್ ಆ ಮನೆಗೆ ಮತ್ತೆ ಬಂದಿಲ್ಲ.

ನಮ್ಮ ಬಸದಿಗಳ ಭೋಜನಶಾಲೆಗಳಲ್ಲಿ ಇದೇ ಜಿಡ್ಡು ನೂರ್ಮಡಿ. ಹೊರಹೋಗುವ ಕೊಳವೆಗೆ ಮುನ್ನ ಜಿಡ್ಡು ತೇಲಿ ನಿಲ್ಲುವ ತೊಟ್ಟಿಯೊಂದನ್ನು ಕಟ್ಟಿ, ಕಾಲಕಾಲಕ್ಕೆ ಮೇಲಿನಿಂದ ತೆಗೆಸುವುದು ಟ್ರಸ್ಟುಗಳಿಗೆ ದೊಡ್ಡ ಖರ್ಚೇನಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೋ ಮಲಗುಂಡಿಗೋ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದಿದೆ; ಅಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ವಿಧಿಸಿದೆ. ಆದರೂ ಕಟ್ಟಿಕೊಂಡಾಗ ಯಾರನ್ನೋ ಕರೆಸಿ ಇಳಿಸುವ ಅಭ್ಯಾಸ ಪೂರ್ತಿ ನಿಂತಿಲ್ಲ.

ಆ ಪ್ಲಂಬರ್ ಈಗಲೂ ಅದೇ ಬೀದಿಗಳಲ್ಲಿ ಕೆಲಸ ಮಾಡುತ್ತಾನೆ. ಯಾವ ಮನೆಗೆ ಹೋದರೂ ಚೀಲ ಇಳಿಸುವ ಮೊದಲು, "ಅಮ್ಮಾ, ಒಳಗೆ ಏನಾದರೂ ಹಾಕಿದ್ದೀರಾ?" ಎಂದು ಕೇಳುತ್ತಾನೆ.