ಹಾಡು ಕಟ್ಟುವವನ ಸತ್ಯವ್ರತ

ಬಸದಿಯಲ್ಲಿ ಹಾಡುವ ಭಕ್ತಿಗೀತೆಗಳನ್ನು ರಚಿಸುವ ಹವ್ಯಾಸ ನನಗೆ ಹಲವು ವರ್ಷಗಳಿಂದ ಉಂಟು. ದಶಲಕ್ಷಣ ಪರ್ವವೋ ಮಹಾವೀರ ಜಯಂತಿಯೋ ಸಮೀಪಿಸಿತೆಂದರೆ ಹೊಸದಾಗಿ ಬರೆಯತೊಡಗಿದ ತರುಣರು ತಮ್ಮ ರಚನೆಗಳನ್ನು ತಂದು ತೋರಿಸುತ್ತಾರೆ. ಅವರೆಲ್ಲರ ಪ್ರಶ್ನೆ ಒಂದೇ: ಹಾಡು ಇನ್ನೂ ಚೆನ್ನಾಗಬೇಕಾದರೆ ಏನು ಮಾಡಬೇಕು? ಛಂದಸ್ಸು, ರಾಗ, ತಾಳಗಳ ಅಭ್ಯಾಸ ಬೇಕೆಂಬುದು ಸರ್ವವಿದಿತ. ಅದರೊಡನೆ ಸತ್ಯವ್ರತವೂ ಬೇಕೆಂಬುದು ನನ್ನ ಅನುಭವ. ರಚನಾಕೌಶಲದ ಕೊರತೆಯೇ ಎಷ್ಟೋ ವೇಳೆ ಹಾಡಿನಲ್ಲಿ ಅಸತ್ಯವಾಗಿ ಪರಿಣಮಿಸುತ್ತದೆ.

ಒಂದು ಉದಾಹರಣೆ. ತರುಣನೊಬ್ಬನು ಜಿನಸ್ತುತಿಯ ಒಂದು ಸಾಲನ್ನು ‘ಕರವ ಮುಗಿವೆ’ ಎಂದು ಆರಂಭಿಸಿ, ಮುಂದಿನ ಸಾಲನ್ನು ‘ವರವ ನೀಡು’ ಎಂದು ತೊಡಗಿದ್ದನು. ಎರಡನೆಯ ಅಕ್ಷರದ ಪ್ರಾಸ ಕೂಡಿತ್ತು. ಮೂರು ಮೂರು ಮಾತ್ರೆಗಳ ನಡೆಯೂ ಸರಿಯಾಗಿತ್ತು. ಆದರೆ ವೀತರಾಗನು ವರ ಕೊಡುವವನೇ? ರಾಗದ್ವೇಷಗಳನ್ನು ಗೆದ್ದ ಆತನು ಒಲಿದು ಕೊಡುವುದೂ ಇಲ್ಲ, ಮುನಿದು ಕಸಿಯುವುದೂ ಇಲ್ಲ. ಆತನ ಗುಣಗಳನ್ನು ನೆನೆದು ನಮ್ಮ ಪರಿಣಾಮಗಳನ್ನು ತಿದ್ದಿಕೊಳ್ಳುವುದೇ ಸ್ತುತಿಯ ಪ್ರಯೋಜನ. ಇದನ್ನು ಆ ತರುಣನೂ ಬಲ್ಲನು. ಅವನ ಶ್ರದ್ಧೆ ನುಡಿಯದ ಮಾತನ್ನು ಪ್ರಾಸವು ನುಡಿಸಿತ್ತು. ಇಬ್ಬರೂ ಕುಳಿತು ರಕಾರದ ಪದಗಳನ್ನು ಪಟ್ಟಿ ಮಾಡಿದೆವು: ಸ್ಮರಣೆ, ಚರಿತ, ಸ್ಥಿರತೆ, ವಿರತಿ. ಕೊನೆಗೆ ಆ ಜಾಗದಲ್ಲಿ ‘ವಿರತಿ ಕಲಿವೆ’ ಎಂದಾಯಿತು. ಧಾಟಿ ಕದಲಲಿಲ್ಲ, ಪ್ರಾಸ ಕೆಡಲಿಲ್ಲ, ಅರ್ಥವು ನೆಟ್ಟಗಾಯಿತು. ಮೊದಲು ಹೊಳೆದ ಪ್ರಾಸಕ್ಕೆ ಮರುಳಾಗದೆ ಇನ್ನೂ ಹತ್ತು ಪದಗಳನ್ನು ಹುಡುಕುವ ಸಂಯಮವೇ ಗೀತರಚನೆಯ ಮೊದಲ ಅಭ್ಯಾಸ.

ಎರಡನೆಯದು ಉಸಿರಿನ ವಿಚಾರ. ಕಾಗದದ ಮೇಲೆ ನಿರ್ದುಷ್ಟವಾಗಿರುವ ಪದವು ಕಂಠದಲ್ಲಿ ವಿರುದ್ಧಾರ್ಥವನ್ನು ಕೊಡಬಲ್ಲುದು. ‘ಪರಮ’, ‘ಅಹಿಂಸೆ’ ಎಂಬೆರಡು ಪದಗಳು ಸಂಧಿಯಾಗಿ ‘ಪರಮಾಹಿಂಸೆ’ ಆಗುತ್ತದೆ. ಗಾಯಕರು ‘ಪರಮಾ’ ಎಂದು ಎಳೆದು, ಉಸಿರು ತೆಗೆದುಕೊಂಡು, ತಾಳದ ಮೊದಲ ಪೆಟ್ಟಿಗೆ ‘ಹಿಂಸೆ’ ಎಂದರೆ ಸಭೆಯ ಕಿವಿಗೆ ಬೀಳುವುದೇನು? ‘ಅಪರಿಗ್ರಹ’ದ ಅಕಾರವು ಹಿಂದಿನ ಆವರ್ತಕ್ಕೆ ಸರಿದುಹೋದರೆ ಉಳಿಯುವುದು ಪರಿಗ್ರಹವೇ. ಐದು ವ್ರತಗಳಲ್ಲಿ ಅಹಿಂಸೆ, ಅಸ್ತೇಯ, ಅಪರಿಗ್ರಹ ಎಂಬ ಮೂರರ ಹೆಸರು ನಿಂತಿರುವುದು ಆ ಒಂದು ಅಕಾರದ ಮೇಲೆ. ಆದುದರಿಂದ ಇಂತಹ ಪದಗಳನ್ನು ಹಿಂದಿನ ಪದದೊಡನೆ ಸಂಧಿ ಮಾಡದೆ, ಅಕಾರವೇ ಆವರ್ತದ ಆರಂಭಕ್ಕೆ ಬರುವಂತೆ ಇಡಬೇಕು.

ಮಾತು ಮತ್ತು ಧಾಟಿಗಳನ್ನು ಹೊಂದಿಸುವುದರಲ್ಲಿ ನಮಗೆ ದೊಡ್ಡ ಗುರು ಮೂಡುಬಿದಿರೆಯ ರತ್ನಾಕರವರ್ಣಿ. 16ನೆಯ ಶತಮಾನದ ಈ ಕವಿ ಸುಮಾರು 10,000 ಪದ್ಯಗಳ ‘ಭರತೇಶ ವೈಭವ’ವನ್ನು ಹಾಡಲು ಒದಗುವ ಸಾಂಗತ್ಯದಲ್ಲಿ ರಚಿಸಿದನು. ಸಾಂಗತ್ಯದ 1 ಮತ್ತು 3ನೆಯ ಪಾದಗಳಲ್ಲಿ ನಾಲ್ಕು ವಿಷ್ಣುಗಣಗಳು. 2 ಮತ್ತು 4ನೆಯ ಪಾದಗಳಲ್ಲಿ ಎರಡು ವಿಷ್ಣುಗಣ, ಒಂದು ಬ್ರಹ್ಮಗಣ. ಗಣದ ಮೊದಲ ಅಂಶವು ಒಂದು ಗುರುವಾಗಿಯೋ ಎರಡು ಲಘುಗಳಾಗಿಯೋ ಬರಬಹುದು. ಉಳಿದ ಅಂಶಗಳು ಲಘುವಾಗಲಿ ಗುರುವಾಗಲಿ ಆಗಬಹುದು. ಹೀಗೆ ಹಿಗ್ಗಲೂ ಕುಗ್ಗಲೂ ಎಡೆಯಿರುವುದರಿಂದ ಆಡುಮಾತಿನ ಸಹಜತೆ ಹಾಡಿನಲ್ಲಿ ಉಳಿಯುತ್ತದೆ. ಧಾಟಿಗಾಗಿ ಅರ್ಥವನ್ನು ಬಿಟ್ಟುಕೊಡಬೇಕಾಗುವುದಿಲ್ಲ. ಹೊಸಬರು ದಿನಕ್ಕೊಂದು ಸಾಂಗತ್ಯವನ್ನು ಬರೆದು ಹಾಡಿ ನೋಡುವುದು ಉತ್ತಮ.

ರಚನೆ ಮುಗಿದ ಮೇಲೆ ನಾನು ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದೇನೆ. ಅದನ್ನು ಹಿಂದೆ ಕಂಡಿರದ ಒಬ್ಬರಿಂದ ಹಾಡಿಸಿ, ಕೈಯಲ್ಲಿ ಕಾಗದವಿಲ್ಲದೆ ಕೇಳಿದ ಹಿರಿಯರೊಬ್ಬರನ್ನು ಅರ್ಥ ಕೇಳುತ್ತೇನೆ. ಅವರು ಎಲ್ಲಿ ತಡವರಿಸುವರೋ ಅಲ್ಲಿ ತಿದ್ದುತ್ತೇನೆ. ಭಜನೆಯ ಪುಸ್ತಕಗಳನ್ನು ಅಚ್ಚು ಹಾಕಿಸುವ ಬಸದಿಯ ಟ್ರಸ್ಟುಗಳು ಕರಡು ತಿದ್ದುವಾಗ ಇದನ್ನೂ ಮಾಡಿಸುವುದು ಒಳಿತು. ಮಕ್ಕಳು ತತ್ತ್ವವನ್ನು ಶಾಸ್ತ್ರದಿಂದ ಕಲಿಯುವುದಕ್ಕೆ ಮೊದಲು ಹಾಡಿನಿಂದ ಕಲಿಯುತ್ತಾರೆ. ಆ ಮೊದಲ ಪಾಠ ತಪ್ಪದಂತೆ ನೋಡಿಕೊಳ್ಳುವುದು ಬರೆಯುವವನ ಹೊಣೆ.