ಮೆಚ್ಚಿನ ಚಿತ್ರ ಯಾವುದು?

ನಮ್ಮ ವಿದ್ಯಾರ್ಥಿನಿಲಯದಲ್ಲಿ ರಾತ್ರಿಯ ಊಟ ಒಂಬತ್ತೂವರೆಗೆ ಮುಗಿಯುತ್ತದೆ. ನಿಯಮದ ಪ್ರಕಾರ ಓದು ಮೊದಲಾಗಬೇಕಾದದ್ದು ಹತ್ತಕ್ಕೆ. ನಡುವಣ ಈ ಅರ್ಧ ಗಂಟೆಯಲ್ಲಿ ಪ್ರಪಂಚದ ಸಮಸ್ತ ಚಲಚ್ಚಿತ್ರಗಳ ಹಣೆಬರಹವೂ ನಮ್ಮ ಮಹಡಿಯ ಮೆಟ್ಟಿಲುಗಳ ಮೇಲೆ ನಿರ್ಧಾರವಾಗಿಬಿಡುತ್ತದೆ. ಅರ್ಧ ಗಂಟೆ ಎಂದೆನಲ್ಲ, ಅದು ಗೋಡೆಯ ಗಡಿಯಾರದ ಲೆಕ್ಕ. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡನ್ನು ದಾಟಿದ ದಿನಗಳೂ ಉಂಟು.

ಚರ್ಚೆಯ ವಿಷಯ ಒಂದೇ: ಇದುವರೆಗೆ ಬಂದ ಚಿತ್ರಗಳಲ್ಲೆಲ್ಲ ನಿನಗೆ ಅತ್ಯಂತ ಮೆಚ್ಚಿಗೆಯಾದದ್ದು ಯಾವುದು? ಪ್ರಶ್ನೆ ಸುಲಭ. ಆದರೆ ಉತ್ತರ ಹೇಳಿದವನ ಬಂಡವಾಳವೆಲ್ಲ ಒಂದೇ ಮಾತಿಗೆ ಬಯಲಾಗುತ್ತದೆ. ಮನುಷ್ಯನ ಮನೆತನ, ಊರು, ವಿದ್ಯೆ, ಅವನಿಗಿರುವ ಆಸೆ, ಇಲ್ಲದ ಧೈರ್ಯ ಎಲ್ಲವೂ ಆ ಒಂದು ಹೆಸರಿನಲ್ಲಿ ಅಡಗಿರುತ್ತವೆ.

ಕನ್ನಡ ಐಚ್ಛಿಕದ ಮಿತ್ರನೊಬ್ಬನಿಗೆ ‘ಸಂಸ್ಕಾರ’ವೇ ಸರ್ವಸ್ವ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಗಿರೀಶ ಕಾರ್ನಾಡರು. 1970ರ ಈ ಚಿತ್ರಕ್ಕೆ ಸೆನ್ಸಾರಿನವರು ಮೊದಲು ಅನುಮತಿ ನಿರಾಕರಿಸಿದ್ದನ್ನೂ, ಆಮೇಲೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದದ್ದನ್ನೂ ಅವನು ವಾರಕ್ಕೊಮ್ಮೆಯಾದರೂ ನಮಗೆ ನೆನಪುಮಾಡಿಕೊಡುತ್ತಾನೆ. ಚಿತ್ರದುರ್ಗದ ಕಡೆಯ ಮಿತ್ರನಿಗಾದರೋ 1972ರ ‘ನಾಗರಹಾವು’ ಬರಿಯ ಚಿತ್ರವಲ್ಲ, ಊರಿನ ಆಸ್ತಿ. ತ.ರಾ.ಸು. ಅವರ ಕಥೆಗೆ ಪುಟ್ಟಣ್ಣ ಕಣಗಾಲರು ರೂಪ ಕೊಟ್ಟರೆಂಬುದನ್ನು ಅವನು ಒಪ್ಪುತ್ತಾನೆ, ಆದರೆ ಬಂಡೆ ಕೊಟ್ಟವರು ತಾವೇ ಎಂಬ ಗತ್ತು ಅವನ ಮುಖದಿಂದ ಹೋಗುವುದಿಲ್ಲ. ಅರ್ಥಶಾಸ್ತ್ರದವನು ‘ಕೆ.ಜಿ.ಎಫ್.’ನ ಪಕ್ಷ. ಗಳಿಕೆಯೇ ಗುಣಕ್ಕೆ ಪ್ರಮಾಣ ಎಂಬುದು ಅವನ ಸಿದ್ಧಾಂತ. ಇನ್ನೊಬ್ಬನಿದ್ದಾನೆ, ಮಳೆ ಬಂದ ರಾತ್ರಿಗಳಲ್ಲಿ ಮಾತ್ರ 2006ರ ‘ಮುಂಗಾರು ಮಳೆ’ಯ ಪರವಾಗಿ ನಿಲ್ಲುತ್ತಾನೆ. ಬೇಸಿಗೆಯಲ್ಲಿ ಅವನ ಅಭಿಪ್ರಾಯವೇ ಬೇರೆ.

ಇವರೆಲ್ಲರ ಮೇಲೆ ಮೂಲೆಯ ಕೋಣೆಯ ನಮ್ಮ ‘ಪಂಡಿತ’. ನಗರದಲ್ಲಿ ಬೆಳೆದವನು, ಓದಿಕೊಂಡವನು. ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಎಂಬ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆಯೆಂದು ನಮಗೆ ತಿಳಿಸಿದವನು ಅವನೇ. ಮೊದಲ ಸಲ ಇಟಲಿಯ ‘ಬೈಸಿಕಲ್ ಥೀವ್ಸ್’ ಗೆದ್ದಿತಂತೆ. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಶಾಂತಾಲ್ ಅಕರ್ಮನ್ ಎಂಬ ಮಹಿಳೆ ನಿರ್ದೇಶಿಸಿದ ‘ಜಾನ್ ಡೀಲ್ಮನ್’. ಎಪ್ಪತ್ತು ವರ್ಷ ಕಳೆದರೂ ದೊಡ್ಡ ದೊಡ್ಡ ವಿಮರ್ಶಕರಿಗೇ ಒಂದು ಮಾತಿನ ಮೇಲೆ ನಿಲ್ಲಲಾಗಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಪಂಡಿತನ ಮುಂದೆ ನನ್ನ ಧೈರ್ಯ ಸಾಮಾನ್ಯವಾಗಿ ಚಪ್ಪಲಿಯ ಜೊತೆಯಲ್ಲಿ ಬಾಗಿಲ ಹೊರಗೇ ಉಳಿದುಬಿಡುತ್ತದೆ.

ಈ ವರ್ಷದ ಆರಂಭದ ಒಂದು ರಾತ್ರಿ ಹೊಸದಾಗಿ ಸೇರಿದ್ದ ಪ್ರಥಮ ವರ್ಷದ ಹುಡುಗನೊಬ್ಬ ನಮ್ಮ ಸಭೆಗೆ ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಸರದಿ ಸುತ್ತಿ ಅವನ ಬಳಿಗೆ ಬಂತು. ಹುಡುಗ ಹಿಂದುಮುಂದು ನೋಡದೆ, “ಬಂಗಾರದ ಮನುಷ್ಯ” ಎಂದ.

ಪಂಡಿತ ಏನೂ ಅನ್ನಲಿಲ್ಲ. ಹುಬ್ಬನ್ನು ಮಾತ್ರ ಸ್ವಲ್ಪ ಮೇಲೆತ್ತಿದ. ಅಷ್ಟೇ ಸಾಕಾಯಿತು. ಎಲ್ಲರಿಗಿಂತ ಮೊದಲು ನಕ್ಕವನು ನಾನು! “ಅಯ್ಯೋ, ಅದು ನಮ್ಮಜ್ಜಂದಿರ ಸಿನಿಮಾ ಕಣಪ್ಪಾ” ಎಂದೂ ಸೇರಿಸಿದೆ. ಹುಡುಗ ತಲೆ ತಗ್ಗಿಸಿದ. ಮುಂದಿನ ಸರದಿ ನನ್ನದು. “ಪಥೇರ್ ಪಾಂಚಾಲಿ” ಎಂದು ಗಂಭೀರವಾಗಿ ಹೇಳಿದೆ. “ಭೇಷ್!” ಎಂದು ಪಂಡಿತ ನನ್ನ ಕೈ ಕುಲುಕಿದ.

ಈಗ ಈ ಬರಹದ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಪಥೇರ್ ಪಾಂಚಾಲಿ’ಯನ್ನು ನಾನು ನೋಡಿರಲಿಲ್ಲ. ಅಷ್ಟೇ ಅಲ್ಲ, ಆ ಹುಡುಗ ಬಾಯಿ ತೆರೆಯುವ ಮುನ್ನ ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿದ್ದ ಹೆಸರೂ ‘ಬಂಗಾರದ ಮನುಷ್ಯ’ವೇ.

ಆ ಚಿತ್ರಕ್ಕೂ ನಮ್ಮ ಮನೆಗೂ ಇರುವ ಸಂಬಂಧವನ್ನು ಹೇಳಬೇಕು. ನಮ್ಮಜ್ಜ ಹರೆಯದಲ್ಲಿ ದಾವಣಗೆರೆಗೆ ಹೋಗಿ ಬಟ್ಟೆಯ ಗಿರಣಿಯಲ್ಲಿ ಕೆಲಸಕ್ಕಿದ್ದರು. ಊರಿನಲ್ಲಿ ಮೂರು ಎಕರೆ ಹೊಲವಿತ್ತು. ಹೊಲವೆಂದು ಕರೆಯುವುದು ಪದ್ಧತಿ, ಇದ್ದದ್ದೆಲ್ಲ ಕಲ್ಲು. 1972ರಲ್ಲಿ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ತೆರೆಗೆ ಬಂತು. ಟಿ.ಕೆ. ರಾಮರಾಯರ ಕಾದಂಬರಿಯಿಂದ ಮಾಡಿದ ಚಿತ್ರ. ರಾಜ್‌ಕುಮಾರ್ ಅಭಿನಯಿಸಿದ ರಾಜೀವ ಹಳ್ಳಿಗೆ ಬರುತ್ತಾನೆ, ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಹೆಗಲು ಕೊಡುತ್ತಾನೆ, ಬಂಡೆಯ ನೆಲವನ್ನು ಒಡೆದು ಬಂಗಾರ ಬೆಳೆಯುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ ಅದು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರಿದ್ದರೆಂದು ಈಗಲೂ ಜನ ಹೇಳುತ್ತಾರೆ. ಹಾಗೆ ಮರಳಿದವರಲ್ಲಿ ನಮ್ಮಜ್ಜನೂ ಒಬ್ಬರೆಂಬುದಕ್ಕೆ ನಮ್ಮ ಮನೆಯ ಸಾಲದ ಪತ್ರಗಳೇ ಸಾಕ್ಷಿ.

ಅಜ್ಜ ಹಾರೆ ಹಿಡಿದರು. ವರ್ಷಗಟ್ಟಲೆ ಕಲ್ಲು ಎತ್ತಿದರು. ಅಜ್ಜಿಯ ಕೊರಳಿನ ಸರ ಮಾರಿ ಬಾವಿ ತೋಡಿಸಿದರು. ನಲವತ್ತು ಅಡಿಗೆ ಬಂಡೆ ಬಂತು, ನೀರು ಬರಲಿಲ್ಲ. ಸಾಲ ತೀರಿಸಲು ಒಂದು ಎಕರೆ ಹೋಯಿತು. ನಾನು ಚಿಕ್ಕವನಾಗಿದ್ದಾಗ ಟಿ.ವಿ.ಯಲ್ಲಿ ಆ ಚಿತ್ರ ಬಂದಾಗಲೆಲ್ಲ ಅಜ್ಜನ ತೊಡೆಯ ಮೇಲೆ ಮಲಗಿ ನೋಡುತ್ತಿದ್ದೆ. ತೆರೆಯ ಮೇಲೆ ಬಂಡೆ ಸಿಡಿದಾಗ ಅವರ ತೊಡೆ ಬಿಗಿಯಾಗುತ್ತಿದ್ದುದು ನನಗಿನ್ನೂ ನೆನಪಿದೆ.

ಕೈ ಕುಲುಕಿಸಿಕೊಂಡ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಳ್ಳನ್ನಾದರೂ ನಿಜ ಮಾಡೋಣವೆಂದು ಹೊದಿಕೆಯೊಳಗೆ ಮೊಬೈಲು ಹಿಡಿದು ‘ಪಥೇರ್ ಪಾಂಚಾಲಿ’ಯನ್ನು ನೋಡತೊಡಗಿದೆ. ಸತ್ಯಜಿತ್ ರಾಯ್ ಅವರ 1955ರ ಚಿತ್ರ. ನೋಡುತ್ತ ನೋಡುತ್ತ ನನಗೆ ನಾಚಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನನ್ನ ಹಳ್ಳಿಯನ್ನು ಮರೆಮಾಡುವುದಕ್ಕೆಂದು ನಾನು ಹೊದ್ದುಕೊಂಡ ಚಿತ್ರವೂ ಒಂದು ಬಡ ಹಳ್ಳಿಮನೆಯ ಕಥೆಯೇ ಆಗಿತ್ತು! ಅದೇ ಸೋರುವ ಮಾಡು, ಅದೇ ಮೂಲೆ ಹಿಡಿದ ಮುದುಕಿ, ಅದೇ ಸಂಪಾದನೆಗೆಂದು ಹೊರಟುಹೋದ ತಂದೆ. ಕಡೆಯಲ್ಲಿ ಮನೆ ಬಿಡುವಾಗ, ಸತ್ತುಹೋದ ಅಕ್ಕ ದುರ್ಗಾ ಹಿಂದೊಮ್ಮೆ ಕದ್ದಿದ್ದ ಸರ ತಮ್ಮ ಅಪುವಿನ ಕೈಗೆ ಸಿಕ್ಕುತ್ತದೆ. ಅವನು ಯಾರಿಗೂ ಹೇಳದೆ ಓಡಿಹೋಗಿ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಸರಿದ ಪಾಚಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟು ಸಣ್ಣ ಹುಡುಗ ಮುಚ್ಚಿಟ್ಟದ್ದು ಅಕ್ಕನ ಮಾನ ಕಾಯಲು. ನಾನು ಮುಚ್ಚಿಟ್ಟದ್ದು ಯಾರ ಮಾನ ಕಾಯಲು?

ದಸರಾ ರಜೆಗೆ ಊರಿಗೆ ಹೋದೆ. ಒಂದು ಸಂಜೆ ಜಗುಲಿಯ ಮೇಲೆ ಅಜ್ಜನ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ‘ಬಂಗಾರದ ಮನುಷ್ಯ’ ಹಾಕಿದೆ. ಅಜ್ಜನಿಗೆ ಈಗ ಕಣ್ಣು ಮಂಜು. ಹೆಚ್ಚಿನದನ್ನು ಕಿವಿಯಿಂದಲೇ ನೋಡಿದರು. ಒಳಗಿನಿಂದ ಅಜ್ಜಿಯ ದನಿ ಬಂತು: “ಹಾಕಿದ್ಯಾ ಅದನ್ನ? ಆ ರಾಜ್‌ಕುಮಾರ ಸಿನಿಮಾದಾಗೆ ಕಲ್ಲು ಒಡದ, ನನ್ನ ಕೊಳ್ಳಾಗಿನ ಸರ ಇಲ್ಲಿ ಹೋತು!”

ಅಜ್ಜ ನಕ್ಕರು. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ನಾನೂ ಕೇಳಿಬಿಟ್ಟೆ: “ಅಲ್ಲಜ್ಜಾ, ಆ ಸಿನಿಮಾ ನಿನಗೆ ಮೋಸ ಮಾಡಲಿಲ್ಲವಾ?”

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬಾವ್ಯಾಗೆ ನೀರು ಬರ್ತತಿ ಅಂತ ಅವ್ರೇನು ನಂಗೆ ಮಾತು ಕೊಟ್ಟಿರ್ಲಿಲ್ಲಪ್ಪಾ. ಕಲ್ಲು ತೆಗಿ ಅಂದ್ರು, ತೆಗದೆ. ಆ ಹೊಲದಾಗೆ ಬೆಳದ ಮೆಕ್ಕೆಜೋಳದಾಗೇ ಅಲ್ವಾ ನಿನ್ನ ಕಾಲೇಜಿಗೆ ಕಳ್ಸಿದ್ದು?” ಎಂದರು.

ನನ್ನಲ್ಲಿ ಮಾತಿರಲಿಲ್ಲ. ನಮ್ಮ ವಂಶದಲ್ಲಿ ಪದವಿಯ ತರಗತಿಯ ಹೊಸ್ತಿಲು ಮೆಟ್ಟಿದವನು ನಾನೇ ಮೊದಲಿಗ. ಶುಲ್ಕ, ಪುಸ್ತಕ, ಬಸ್ಸಿನ ಚಾರ್ಜು ಎಲ್ಲಿಂದ ಬರುತ್ತವೆಂಬುದನ್ನು ನಾನು ಹೊಲದವರೆಗೆ ಮಾತ್ರ ಯೋಚಿಸಿದ್ದೆ. ಆ ಹೊಲ ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ.

ಚಿತ್ರ ಮುಗಿಯಲು ಇನ್ನೂ ಹೊತ್ತಿತ್ತು. “ಸಾಕು, ಇಲ್ಲಿಗೆ ನಿಲ್ಸು” ಎಂದು ಅಜ್ಜ ಎದ್ದರು. ಕೊನೆಯ ಭಾಗವನ್ನು ಅವರು ಒಂದೇ ಸಲ ನೋಡಿದ್ದಂತೆ. ಮತ್ತೆ ನೋಡಲು ಮನಸ್ಸು ಬಂದಿಲ್ಲವಂತೆ. ಅವರು ಒಳಗೆ ಹೋದಮೇಲೆ ನಾನೊಬ್ಬನೇ ಕುಳಿತು ನೋಡಿದೆ. ನೋಡಿದವರಿಗೆ ಗೊತ್ತು. ರಾಜೀವ ಸಾಕಿ, ಪಟ್ಟಣದಲ್ಲಿಟ್ಟು ಓದಿಸಿದ ಅಕ್ಕನ ಮಗ, ವಿದ್ಯಾವಂತ, ಮಾವನ ಮೇಲೆಯೇ ಸಂಶಯಪಟ್ಟು ಹಂಗಿಸುತ್ತಾನೆ. ಊಟಕ್ಕೆ ಕುಳಿತಿದ್ದ ರಾಜೀವ ಎದ್ದು ಹೊರಟುಬಿಡುತ್ತಾನೆ. ಮತ್ತೆ ಬರುವುದಿಲ್ಲ. ಬಾಲ್ಯದಲ್ಲಿ ಆ ಓದಿದ ಹುಡುಗನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಸಲ ಅವನ ಮುಖ ನನಗೆ ಎಲ್ಲೋ ನೋಡಿದಂತಿತ್ತು. ಮೆಟ್ಟಿಲುಗಳ ಮೇಲೆ ಕುಳಿತು ಎಲ್ಲರಿಗಿಂತ ಮೊದಲು ನಕ್ಕವನ ಮುಖ ಅದು.

ರಜೆ ಮುಗಿಸಿ ಬಂದ ರಾತ್ರಿ ಸಭೆ ಎಂದಿನಂತೆ ಸೇರಿತು. ನಾನು ಎದ್ದು ನಿಂತು ತಪ್ಪೊಪ್ಪಿಕೊಂಡೆ ಎಂದು ಬರೆಯಲು ಆಸೆ. ಆದರೆ ಹಾಗೆ ನಡೆಯಲಿಲ್ಲ. ಪಟ್ಟಿಯನ್ನು ತಿದ್ದಬೇಕೆಂದಷ್ಟೇ ಹೇಳಿ ‘ಬಂಗಾರದ ಮನುಷ್ಯ’ದ ಹೆಸರೆತ್ತಿದೆ, ಅಜ್ಜನ ಬಾವಿಯ ಕಥೆಯನ್ನೂ ಹೇಳಿದೆ. ಪಂಡಿತನ ಹುಬ್ಬು ಈ ಸಲ ಮೇಲೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅವನು, “ನಮ್ಮಪ್ಪನಿಗೂ ಒಂದು ಸಿನಿಮಾ ಇದೆಯಪ್ಪಾ, ಯಾವುದೆಂದು ನಾನು ಕೇಳಿಯೇ ಇಲ್ಲ” ಎಂದ.

ವಿಮರ್ಶಕರ ಪಟ್ಟಿಗಳು ಬೇಡವೆಂದು ನಾನು ಹೇಳುವುದಿಲ್ಲ. ಅವಿಲ್ಲದಿದ್ದರೆ ಪಂಡಿತ ಇಲ್ಲ, ಪಂಡಿತನಿಲ್ಲದಿದ್ದರೆ ‘ಪಥೇರ್ ಪಾಂಚಾಲಿ’ಯ ಹೆಸರು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಒಳ್ಳೆಯದು ಯಾವುದೆಂದು ತಿಳಿದವರನ್ನು ಕೇಳಬಹುದು. ಆದರೆ ಮೆಚ್ಚಿನದು ಯಾವುದೆಂದು ಯಾರನ್ನೂ ಕೇಳುವಂತಿಲ್ಲ. ಅದನ್ನು ಬಲ್ಲವರು ನಾವೇ, ನಾವೇ ಹೇಳಬೇಕು.

ಆ ಪ್ರಥಮ ವರ್ಷದ ಹುಡುಗ ಅಂದು ನಕ್ಕ ಮೇಲೆ ಸಭೆಗೆ ಬರುವುದನ್ನೇ ಬಿಟ್ಟಿದ್ದ. ಮರುದಿನ ಅವನ ಕೋಣೆಗೆ ಹೋದೆ. ನನ್ನನ್ನು ಕಂಡು ಎದ್ದು ನಿಂತ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಹುಡುಗ ಕೇಳಿಕೊಂಡು, “ಹಾಗಾದ್ರೆ ಆ ಬಂಗಾಳಿ ಸಿನಿಮಾ ಚೆನ್ನಾಗಿಲ್ವೇನಣ್ಣಾ?” ಎಂದ.

“ತುಂಬ ಚೆನ್ನಾಗಿದೆ. ನಾನು ಸುಳ್ಳು ಹೇಳಿದ್ದು ನೋಡಿದ್ದೇನೆ ಅಂತ, ಅಷ್ಟೇ. ಬಾ, ಇವತ್ತು ಇಬ್ಬರೂ ನೋಡೋಣ” ಎಂದೆ.