ಒಂದೇ ತಂತಿಯ ಕೆಲಸ

ನಲವತ್ತಾರನೆಯ ವಯಸ್ಸಿನಲ್ಲಿ ಗಿಟಾರು ಹಿಡಿದವನಿಗೆ ಬೆರಳಿನ ವೇಗ ಬರುವುದು ಕಷ್ಟ. ಇದನ್ನು ನನಗೆ ತಿಳಿಸಿದವರು ನನ್ನ ಗುರುಗಳು. ಗುರುಗಳೆಂದರೆ, ಆರು ವರ್ಷಗಳ ಹಿಂದೆ ನನ್ನ ಹಳಗನ್ನಡದ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಕೂರುತ್ತಿದ್ದ ಹುಡುಗ. ಅವನು ನನ್ನನ್ನು ‘ಸಾರ್’ ಎನ್ನುತ್ತಾನೆ. ನಾನು ಅವನನ್ನು ‘ಮೇಷ್ಟ್ರೇ’ ಎನ್ನುತ್ತೇನೆ. ಪರಸ್ಪರ ಗೌರವಕ್ಕೆ ಕೊರತೆಯಿಲ್ಲ.

“ವೇಗದ ಆಸೆ ಬಿಡಿ ಸಾರ್. ನಾದ ಮಾಡಿಕೊಳ್ಳಿ. ಅದಕ್ಕೆ ವಯಸ್ಸಿನ ತಂಟೆ ಇಲ್ಲ” ಎಂದ.

ಅಂದಿನಿಂದ ದಿನವೂ ಬೆಳಗ್ಗೆ ಮೊದಲ ಕಾಲು ಗಂಟೆ ಒಂದೇ ತಂತಿಯನ್ನು ಮೀಟುತ್ತೇನೆ. ಎಡಗೈಗೆ ರಜ. ಕುದುರೆಯ ಹತ್ತಿರ ಮೀಟಿದರೆ ತಗಡಿನಂಥ ಚುರುಕು ದನಿ. ತಂತಿಯೊಳಗಿನ ಮೇಲು ಸ್ವರಗಳೆಲ್ಲ ಅಲ್ಲಿ ತಲೆಯೆತ್ತುತ್ತವೆ. ಮೆಟ್ಟಿಲುಗಳ ಕಡೆಗೆ ಸರಿದಷ್ಟೂ ಅವು ತಗ್ಗಿ ದನಿ ದುಂಡಗಾಗುತ್ತದೆ. ಒಂದು ಗೇಣಿನೊಳಗೆ ಇಷ್ಟೊಂದು ಸ್ವಭಾವಗಳಿವೆಯೆಂದು ನನಗೆ ಗೊತ್ತಿರಲಿಲ್ಲ. ತಂತಿಯನ್ನು ಕಿತ್ತೆಸೆದಂತೆ ಎಳೆಯಬಾರದು. ಮೊದಲು ಒತ್ತಬೇಕು, ಆಮೇಲೆ ಬಿಡಬೇಕು. ಬೆರಳ ತುದಿಯ ಮಾಂಸ ಮೊದಲು ತಾಗಿ, ತಂತಿ ಅಲ್ಲಿಂದ ಉಗುರಿನ ಅಂಚಿಗೆ ಜಾರಿ ಹೊರಡಬೇಕು. ಆ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಒರಟಿದ್ದರೂ ಕಿವಿಗೆ ಕಾಣುತ್ತದೆ. ಆದ್ದರಿಂದ ನನ್ನ ಜೇಬಿನಲ್ಲಿ ಸದಾ ನುಣುಪಾದ ಮರಳು ಕಾಗದದ ಚೂರು. ಅಧ್ಯಾಪಕರ ಕೊಠಡಿಯಲ್ಲಿ ನಾನು ಉಗುರು ಉಜ್ಜುತ್ತ ಕೂತರೆ ಇಂಗ್ಲಿಷ್ ವಿಭಾಗದವರು ಮುಖ ತಿರುಗಿಸುತ್ತಾರೆ.

ಈ ಉಗುರಿನ ಜಗಳ ಹಳೆಯದು. ಸ್ಪೇನಿನ ಫೆರ್ನಾಂದೊ ಸೋರ್ (1778–1839) ಬರಿಯ ಬೆರಳಿನ ಪಕ್ಷ. ಅವನ ನಾಡಿನವನೇ ಆದ ದಿಯೊನಿಸಿಯೊ ಅಗ್ವಾದೊ (1784–1849) ಉಗುರಿನ ಪಕ್ಷ. ಆದರೂ ಪ್ಯಾರಿಸಿನಲ್ಲಿ ಇಬ್ಬರೂ ಸ್ನೇಹಿತರಾಗಿದ್ದರು; ಸೋರ್ ‘ಇಬ್ಬರು ಗೆಳೆಯರು’ ಎಂಬ ಜೋಡಿ ಗಿಟಾರಿನ ಕೃತಿಯನ್ನೇ ರಚಿಸಿದ. ನಮ್ಮ ವಿಮರ್ಶಕರು ಗಮನಿಸಬೇಕಾದ ಸಂಗತಿ! 1852ರಲ್ಲಿ ಹುಟ್ಟಿದ ಫ್ರಾನ್ಸಿಸ್ಕೊ ತಾರ್ರೆಗ ಕೊನೆಗಾಲದಲ್ಲಿ ಉಗುರನ್ನು ಕತ್ತರಿಸಿಯೇ ಬಿಟ್ಟ. (ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ್ದೂ ಅದೇ ವರ್ಷ.) ಮುಂದೆ ಸೆಗೋವಿಯ ಉಗುರನ್ನೂ ಮಾಂಸವನ್ನೂ ಕೂಡಿಸಿ ಮೀಟಿದ, ನನ್ನ ಮೇಷ್ಟ್ರದು ಆ ದಾರಿ.

ಮನೆಯಲ್ಲಿ ಇದಕ್ಕೆ ಅಂಥ ಮನ್ನಣೆಯಿಲ್ಲ. “ಹಾಡು ಯಾವಾಗ ಶುರು?” ಎಂದು ಹೆಂಡತಿ ಕೇಳುತ್ತಾಳೆ. ಅಮ್ಮ ಮಾತ್ರ ಏನೂ ಕೇಳಿದವರಲ್ಲ. ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಮಾತು ಬಹಳ ಕಡಿಮೆ. ಕೆಲವು ದಿನ ನಾನು ಯಾರೆಂಬುದೂ ಅವರಿಗೆ ಹೊಳೆಯುವುದಿಲ್ಲ. ಪಕ್ಕದ ಕೋಣೆಯ ಬಾಗಿಲನ್ನು ತೆರೆದಿಟ್ಟೇ ನಾನು ಸಾಧನೆಗೆ ಕೂರುವುದು.

ಹೋದ ವಾರ ಒಳಗಿನಿಂದ ದನಿ ಬಂತು: “ಇವತ್ತು ಯಾಕೋ ಒರಟಾಗಿದೆ ಕಣೋ.”

ಎದ್ದು ಕಿಟಕಿಯ ಬೆಳಕಿನಲ್ಲಿ ಕೈ ಹಿಡಿದು ನೋಡಿದೆ. ನಡುಬೆರಳಿನ ಉಗುರು ಎಡಗಡೆ ಕೂದಲೆಳೆಯಷ್ಟು ಸೀಳಿತ್ತು. ಕಾಗದದಿಂದ ಉಜ್ಜಿ, ನುಣುಪು ಮಾಡಿ, ಮತ್ತೆ ಮೀಟಿದೆ.

“ಹ್ಞೂ” ಎಂದರು.